ಕೆನ್ನೆಗೊಂದು ಬದಲಿ ಕೆನ್ನೆ

ಕೆನ್ನೆಯ ಒಳಪೊರೆಯಿಂದ ಔಷಧ ರಕ್ತಕ್ಕೆ ಎಷ್ಟು ಇಳಿಯುತ್ತದೆ ಎಂದು ಅಳೆಯಬೇಕಾದರೆ ಮೊದಲು ಬೇಕಾಗುವುದು ಒಂದು ಕೆನ್ನೆ. ಮನುಷ್ಯನ ಕೆನ್ನೆಯನ್ನು ಕತ್ತರಿಸಿ ತರುವಂತಿಲ್ಲ. ಹೊಸ ಮಿಶ್ರಣವೊಂದನ್ನು ಮೊದಲ ದಿನವೇ ಮನುಷ್ಯನ ಬಾಯಿಗೆ ಹಾಕುವಂತೆಯೂ ಇಲ್ಲ. ಹಾಗಾಗಿ ಪ್ರಯೋಗಾಲಯ ಪ್ರಾಣಿಯ ಕೆನ್ನೆಯನ್ನು ಹುಡುಕಿಕೊಂಡು ಹೋಗುತ್ತದೆ. ಯಾವ ಪ್ರಾಣಿ ಎಂದು ಗೊತ್ತುಮಾಡಿದಾಗಲೇ ಅರ್ಧ ಫಲಿತಾಂಶ ಗೊತ್ತಾದಂತೆ. ಇಲಿಯ ಕೆನ್ನೆ ತಡೆದ ಔಷಧವನ್ನು ಹಂದಿಯ ಕೆನ್ನೆ ಒಳಗೆ ಬಿಟ್ಟೀತು. ನಾಯಿಯಲ್ಲಿ ಸರಾಗವಾಗಿ ಇಳಿದದ್ದು ಮನುಷ್ಯನಲ್ಲಿ ಬಾಗಿಲಲ್ಲೇ ನಿಂತೀತು.

ಮಂಗಳೂರಿನ ಮಟ್ಟಿಗೆ ಇದು ದೂರದ ವಿಷಯವಲ್ಲ. ದೇರಳಕಟ್ಟೆಯ ನಿಟ್ಟೆ ಸಂಸ್ಥೆಯ ಎನ್‌ಜಿಎಸ್‌ಎಂ ಫಾರ್ಮಸಿ ಕಾಲೇಜು, ವಳಚ್ಚಿಲ್‌ನ ಶ್ರೀನಿವಾಸ್ ಫಾರ್ಮಸಿ ಕಾಲೇಜು, ಉತ್ತರಕ್ಕೆ ಒಂದೂವರೆ ಗಂಟೆ ದೂರದ ಮಣಿಪಾಲದಲ್ಲಿ 1963ರಿಂದ ನಡೆಯುತ್ತಿರುವ ಔಷಧ ವಿಜ್ಞಾನ ಕಾಲೇಜು – ಹೀಗೆ ಕರಾವಳಿಯಲ್ಲಿ ಫಾರ್ಮಸಿ ಶಿಕ್ಷಣ ದಟ್ಟವಾಗಿದೆ. ಎಂ.ಫಾರ್ಮ್ ವಿದ್ಯಾರ್ಥಿಗಳು ಪ್ರಬಂಧಕ್ಕೆ ಆರಿಸಿಕೊಳ್ಳುವ ವಿಷಯಗಳಲ್ಲಿ ಬಕಲ್ ಪ್ಯಾಚ್, ಅಂದರೆ ಕೆನ್ನೆಯ ಒಳಭಾಗಕ್ಕೆ ಅಂಟಿಸುವ ಔಷಧದ ತೆಳು ಪಟ್ಟಿ, ಬಹಳ ಪರಿಚಿತ. ಅಂಥ ಪ್ರಬಂಧಗಳ ಪ್ರಯೋಗ ವಿಧಾನದ ಭಾಗದಲ್ಲಿ ‘ಸ್ಥಳೀಯ ವಧಾಗಾರದಿಂದ ತಂದ ಲೋಳ್ಪೊರೆ’ ಎಂಬ ಒಂದು ಸಾಲು ಬಂದೇ ಬರುತ್ತದೆ. ಓದುವವರು ಸಾಮಾನ್ಯವಾಗಿ ದಾಟಿಹೋಗುವ ಆ ಸಾಲೇ ಇಡೀ ಕೆಲಸದ ಬುನಾದಿ.

ಔಷಧವನ್ನು ಕೆನ್ನೆಯಲ್ಲಿಡುವುದಕ್ಕೆ ಮುಖ್ಯ ಕಾರಣ ಯಕೃತ್ತು. ನುಂಗಿದ ಮಾತ್ರೆ ಕರುಳಿನಿಂದ ರಕ್ತಕ್ಕೆ ಸೇರಿದರೂ ಆ ರಕ್ತ ಮೈಗೆಲ್ಲ ಹರಡುವ ಮೊದಲು ಯಕೃತ್ತನ್ನು ಹಾದುಹೋಗಬೇಕು. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನಲಾಲ್‌ನಂಥ ಔಷಧದಲ್ಲಿ ನುಂಗಿದ್ದರ ಸುಮಾರು ಕಾಲುಭಾಗ ಮಾತ್ರ ಇದನ್ನು ದಾಟಿ ಉಳಿಯುತ್ತದೆ. ಬಾಯಿಯ ರಕ್ತನಾಳಗಳ ದಾರಿ ಬೇರೆ. ಕೆನ್ನೆಯಿಂದ ಹೊರಟ ರಕ್ತ ಕುತ್ತಿಗೆಯ ಜಗ್ಯುಲರ್ ಸಿರೆ ಸೇರಿ ನೇರವಾಗಿ ಹೃದಯಕ್ಕೆ ಬರುತ್ತದೆ. ಎದೆನೋವು ಬಂದಾಗ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಗೆಯಡಿ ಇಡುವುದು ಇದೇ ಕಾರಣಕ್ಕೆ. ನೈಟ್ರೋಗ್ಲಿಸರಿನ್ ಕಂಡುಹಿಡಿದ ಇಟಲಿಯ ಸೊಬ್ರೇರೊ 1847ರಲ್ಲಿ ಅದರ ಒಂದಿಷ್ಟನ್ನು ನಾಲಗೆಗೆ ತಾಗಿಸಿಕೊಂಡು ತಲೆ ಸಿಡಿಯುವ ನೋವು ಅನುಭವಿಸಿದ್ದ. ಲಂಡನ್ನಿನ ವೈದ್ಯ ವಿಲಿಯಂ ಮರೆಲ್ 1879ರಲ್ಲಿ ಅದನ್ನೇ ಎದೆನೋವಿನ ಔಷಧವಾಗಿ ಬಳಸಿ ವರದಿ ಮಾಡಿದ. ನಾಲಗೆಯಡಿಯ ಪೊರೆ ತೆಳು, ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ನಾಲಗೆ ಅಲುಗಾಡುತ್ತಲೇ ಇರುವುದರಿಂದ, ಎಂಜಲು ಅಲ್ಲೇ ಊರುವುದರಿಂದ ಔಷಧ ಹೆಚ್ಚು ಹೊತ್ತು ನಿಲ್ಲದು. ಕೆನ್ನೆಯ ಪೊರೆ ದಪ್ಪ, ಅಷ್ಟಾಗಿ ಅಲುಗದು. ಗಂಟೆಗಟ್ಟಲೆ ನಿಧಾನವಾಗಿ ಔಷಧ ಬಿಡುವ ಪಟ್ಟಿಗೆ ಅದೇ ತಕ್ಕ ಜಾಗ.

ಕರಾವಳಿಯವರು ಈ ಜಾಗವನ್ನು ಔಷಧ ವಿಜ್ಞಾನ ಹುಟ್ಟುವ ಎಷ್ಟೋ ಮೊದಲೇ ಬಳಸಿಕೊಂಡಿದ್ದಾರೆ. ತುಳುವಿನಲ್ಲಿ ಬಚ್ಚಿರೆ ಬಜ್ಜೆಯಿ ಎನ್ನುವ ಎಲೆಅಡಿಕೆ ಮನೆಗೆ ಬಂದವರಿಗೆ ಕೊಡುವ ಮೊದಲ ಮರ್ಯಾದೆ. ಕವಳವನ್ನು ಜಗಿದು ದವಡೆಯ ಪಕ್ಕ ಒತ್ತಿಟ್ಟುಕೊಂಡಾಗ ಅಲ್ಲಿ ನಡೆಯುವುದು ಕೆನ್ನೆಯ ಮೂಲಕದ ಹೀರಿಕೆಯೇ. ಅದರಲ್ಲಿ ಸುಣ್ಣದ ಪಾತ್ರ ದೊಡ್ಡದು. ಕವಳಕ್ಕೆ ಸೇರಿಸುವ ಹೊಗೆಸೊಪ್ಪಿನ ನಿಕೋಟಿನ್, ಅಡಿಕೆಯ ಅರೆಕೊಲಿನ್ ಇವೆರಡೂ ಕ್ಷಾರೀಯ ಅಣುಗಳು. ಹುಳಿ ಇರುವಲ್ಲಿ ಅವು ವಿದ್ಯುದಾವೇಶ ಪಡೆಯುತ್ತವೆ; ಆವೇಶ ಇರುವ ಅಣುವಿಗೆ ಜಿಡ್ಡಿನ ಪೊರೆ ದಾಟುವುದು ಕಷ್ಟ. ಮರುವಾಯಿ ಚಿಪ್ಪು ಸುಟ್ಟು ಮಾಡಿದ ಸುಣ್ಣ ಎಂಜಲನ್ನು ಕ್ಷಾರೀಯವಾಗಿಸಿದಾಗ ಆವೇಶ ಕಳಚಿ ಅಣು ಸಲೀಸಾಗಿ ಒಳಗೆ ನುಗ್ಗುತ್ತದೆ. (ಅದೇ ಸುಣ್ಣ ಅರೆಕೊಲಿನ್ನಿನ ಒಂದು ಭಾಗವನ್ನು ಒಡೆದು ಅರೆಕೈಡಿನ್ ಆಗಿಸುವುದೂ ಉಂಟು.) ಹೊಗೆಸೊಪ್ಪು ಬಿಡಿಸಲು ಕೊಡುವ ನಿಕೋಟಿನ್ ಗಮ್‌ನಲ್ಲಿ ಕಾರ್ಬೊನೇಟ್ ಲವಣ ಸೇರಿಸುವುದು ಇದೇ ತತ್ವದ ಮೇಲೆ. ಅದನ್ನು ಜಗಿಯುವ ಮುನ್ನ ಕಾಫಿ ಕುಡಿಯಬಾರದು ಎನ್ನುವುದೂ ಇದರಿಂದಲೇ: ಕಾಫಿಯ ಹುಳಿ ಬಾಯಿಯ ಕ್ಷಾರವನ್ನು ತಗ್ಗಿಸುತ್ತದೆ.

ಪೊರೆಯ ರಚನೆ ಗೊತ್ತಿಲ್ಲದೆ ಪ್ರಾಣಿಯನ್ನು ಆರಿಸಲಾಗದು. ಮನುಷ್ಯನ ಕೆನ್ನೆಯ ಮೇಲ್ಪದರ 500ರಿಂದ 800 ಮೈಕ್ರೊಮೀಟರ್ ದಪ್ಪ, ಅಂದರೆ ಒಂದು ಮಿಲಿಮೀಟರಿಗೂ ಕಡಿಮೆ. ಅಷ್ಟರೊಳಗೆ 40–50 ಸಾಲು ಜೀವಕೋಶಗಳು ಒಂದರ ಮೇಲೊಂದು ಕೂತಿವೆ. ಚರ್ಮದ ಮೇಲಿರುವ ಕೆರಾಟಿನ್ ಎಂಬ ಒಣ ಗಡಸು ಹೊದಿಕೆ ಇಲ್ಲಿಲ್ಲ. ಅಂಗುಳು ಮತ್ತು ಒಸಡುಗಳ ಮೇಲೆ ಅದು ಇದೆ, ಕೆನ್ನೆಯೊಳಗೆ ಇಲ್ಲ. ತಡೆ ಇರುವುದು ಮೇಲಿನ ಮೂರನೇ ಒಂದು ಭಾಗದಲ್ಲಿ. ಅಲ್ಲಿಯ ಕೋಶಗಳು ಸಣ್ಣ ಸಣ್ಣ ಕಣಗಳಲ್ಲಿ ತುಂಬಿಟ್ಟುಕೊಂಡ ಜಿಡ್ಡನ್ನು ಕೋಶಗಳ ನಡುವಿನ ಸಂದಿಗೆ ಸುರಿಯುತ್ತವೆ, ಇಟ್ಟಿಗೆಗಳ ನಡುವೆ ಗಾರೆ ತುಂಬಿದ ಹಾಗೆ. ಚರ್ಮದ ಗಾರೆ ನೀರನ್ನು ಬಿಡಲೊಲ್ಲದು. ಕೆನ್ನೆಯ ಗಾರೆಯಲ್ಲಿ ನೀರಿಗೂ ಒಗ್ಗುವ ಜಿಡ್ಡುಗಳು ಹೆಚ್ಚು. ಆದ್ದರಿಂದ ಕೆನ್ನೆ ಚರ್ಮಕ್ಕಿಂತ ಎಷ್ಟೋ ಪಟ್ಟು ಸುಲಭವಾಗಿ ವಸ್ತುಗಳನ್ನು ಒಳಬಿಡುತ್ತದೆ, ಕರುಳಿನಷ್ಟು ಧಾರಾಳವಾಗಿ ಅಲ್ಲ. ಪ್ರಾಣಿಯನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು ಹಾಗಾಗಿ ಮೂರೇ: ಅದರ ಕೆನ್ನೆಯಲ್ಲಿ ಕೆರಾಟಿನ್ ಇದೆಯೇ, ದಪ್ಪ ಎಷ್ಟು, ಸಂದಿಯ ಜಿಡ್ಡು ಯಾವ ಬಗೆಯದು.

ಪ್ರಯೋಗಾಲಯದಲ್ಲಿ ಸುಲಭವಾಗಿ ಸಿಗುವ ಇಲಿಗಳು ಮೊದಲ ಪ್ರಶ್ನೆಯಲ್ಲೇ ಸೋಲುತ್ತವೆ. ಕಾಳು ಕಡಿಯುವ ಅವುಗಳ ಕೆನ್ನೆಯ ಒಳಭಾಗ ಪೂರ್ತಿ ಕೆರಾಟಿನ್ ಹೊದ್ದಿದೆ. ಬಾಯಿಯೂ ತೀರ ಚಿಕ್ಕದು, ಪಟ್ಟಿ ಅಂಟಿಸಲು ಜಾಗವಿಲ್ಲ. ಹ್ಯಾಮ್‌ಸ್ಟರ್ ಸ್ವಲ್ಪ ಬೇರೆ. ಕಾಳು ತುಂಬಿಕೊಳ್ಳಲು ಅದರ ಕೆನ್ನೆಯೊಳಗೆ ಭುಜದವರೆಗೆ ಚಾಚಿದ ಎರಡು ಚೀಲಗಳಿವೆ. ಅರಿವಳಿಕೆ ಕೊಟ್ಟು ಆ ಚೀಲವನ್ನು ಹೊರಕ್ಕೆ ಮಗುಚಿದರೆ ಅಗಲವಾದ, ಗ್ರಂಥಿಗಳಿಲ್ಲದ, ನಯವಾದ ಹಾಳೆಯೇ ಸಿಗುತ್ತದೆ. ಜಗತ್ತಿನ ಪ್ರಯೋಗಾಲಯಗಳಲ್ಲಿರುವ ಹೊನ್ನಬಣ್ಣದ ಹ್ಯಾಮ್‌ಸ್ಟರ್‌ಗಳು ಹೆಚ್ಚುಕಮ್ಮಿ ಎಲ್ಲವೂ 1930ರಲ್ಲಿ ಸಿರಿಯಾದ ಅಲೆಪ್ಪೊ ಬಳಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿವಿಜ್ಞಾನಿ ಹಿಡಿದ ಒಂದು ತಾಯಿ ಮತ್ತು ಮರಿಗಳ ವಂಶದವು. 1954ರಿಂದ ಈ ಚೀಲ ಬಾಯಿ ಕ್ಯಾನ್ಸರಿನ ಅಧ್ಯಯನದ ಮುಖ್ಯ ಮಾದರಿ. ಔಷಧ ಹೀರಿಕೆಗೂ ಅದನ್ನು, ಮುಖ್ಯವಾಗಿ ಜಪಾನಿನಲ್ಲಿ, ಬಳಸಿದ್ದಾರೆ. ಆದರೆ ಚೀಲದ ಗೋಡೆ ಕೆರಾಟಿನ್ ಹೊದ್ದದ್ದೇ. ಎರಡು ಔಷಧಗಳನ್ನು ಒಂದಕ್ಕೊಂದು ಹೋಲಿಸಲು ಅದು ಸಾಕು. ಮನುಷ್ಯನಲ್ಲಿ ಎಷ್ಟು ಇಳಿದೀತು ಎಂದು ಹೇಳಲು ಸಾಲದು.

ಮೊಲದ ಕೆನ್ನೆಯಲ್ಲಿ ಕೆರಾಟಿನ್ ಇಲ್ಲದ ಭಾಗ ಉಂಟು. ತೊಂದರೆ ಏನೆಂದರೆ ಅದು ಅಗಲ ಕಿರಿದಾದ ಪಟ್ಟೆ, ಪಕ್ಕದಲ್ಲೇ ಗಡಸು ಭಾಗ ಶುರುವಾಗಿಬಿಡುತ್ತದೆ. ಕತ್ತರಿ ಸ್ವಲ್ಪ ಆಚೀಚೆ ಆದರೂ ಎರಡು ಬಗೆಯ ಪೊರೆ ಬೆರೆತು ಅಂಕಿ ಕೆಡುತ್ತದೆ. ನಾಯಿಯ ಕೆನ್ನೆಯಲ್ಲಿ ಕೆರಾಟಿನ್ ಇಲ್ಲ, ಬಾಯಿ ದೊಡ್ಡದು, ತರಬೇತಿ ಕೊಟ್ಟರೆ ಅರಿವಳಿಕೆ ಇಲ್ಲದೆಯೂ ಪಟ್ಟಿ ಇಟ್ಟುಕೊಳ್ಳುತ್ತದೆ. ಆದರೆ ಅದರ ಪೊರೆ ಮನುಷ್ಯನದಕ್ಕಿಂತ ತೆಳು, ಔಷಧ ಹೆಚ್ಚು ಬೇಗ ಇಳಿಯುತ್ತದೆ. ನಾಯಿಯನ್ನು ನಂಬಿ ಪ್ರಮಾಣ ನಿಗದಿ ಮಾಡಿದರೆ ಮನುಷ್ಯನಿಗೆ ಕಡಿಮೆ ಬಿದ್ದೀತು. ಮಂಗನದು ಮನುಷ್ಯನಿಗೆ ಹತ್ತಿರದ ಕೆನ್ನೆ. ಖರ್ಚು ಮತ್ತು ನೀತಿ ಎರಡೂ ದೃಷ್ಟಿಯಿಂದ ಅದನ್ನು ಬಳಸುವುದು ವಿರಳ, ವಿರಳವಾಗಿಯೇ ಇರಬೇಕು.

ಉಳಿಯುವುದು ಹಂದಿ. ಅದರ ಕೆನ್ನೆಯಲ್ಲಿ ಕೆರಾಟಿನ್ ಇಲ್ಲ, ದಪ್ಪ ಮನುಷ್ಯನದರ ಆಸುಪಾಸು, ಸಂದಿಯ ಜಿಡ್ಡಿನ ಬಗೆಯೂ ಹತ್ತಿರದ್ದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಸ್ಕ್ವಯರ್, ಫಿಲಿಪ್ ವರ್ಟ್ಜ್ ಮತ್ತು ಸಂಗಡಿಗರು ದಶಕಗಳ ಕಾಲ ಬಾಯಿಯ ಪೊರೆಯ ಜಿಡ್ಡನ್ನೂ ನೀರು ದಾಟುವ ವೇಗವನ್ನೂ ಅಳೆದು ಈ ಹೋಲಿಕೆಗೆ ಆಧಾರ ಒದಗಿಸಿದರು. ಇಂದು ಕೆನ್ನೆಯ ಹೀರಿಕೆಯ ಪ್ರಯೋಗಕ್ಕೆ ಹಂದಿಯ ಪೊರೆಯೇ ಜಗತ್ತಿನಾದ್ಯಂತ ಮೊದಲ ಆಯ್ಕೆ. ಇದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ: ಈ ಕೆನ್ನೆಗಾಗಿ ಯಾವ ಪ್ರಾಣಿಯನ್ನೂ ಹೊಸದಾಗಿ ಕೊಲ್ಲಬೇಕಿಲ್ಲ. ಮಾಂಸಕ್ಕಾಗಿ ಕಡಿದ ಹಂದಿಯ ಬಾಯಿಯ ಒಳಪೊರೆ ಮಾಂಸದವರಿಗೆ ಬೇಡದ ಭಾಗ. ಕ್ರೈಸ್ತ ಕುಟುಂಬಗಳು ಸಾಕಷ್ಟಿರುವ ಮಂಗಳೂರಿನಲ್ಲಿ ಹಂದಿ ಮಾಂಸದ ಅಂಗಡಿಗಳಿಗೆ ಕೊರತೆಯಿಲ್ಲ. ದೇಶದ ಎಷ್ಟೋ ಊರುಗಳ ವಿದ್ಯಾರ್ಥಿಗಳಿಗೆ ಈ ಅನುಕೂಲ ಇಲ್ಲ.

ಅನುಕೂಲದೊಳಗೇ ಒಂದು ಅಪಾಯ ಅಡಗಿದೆ. ಹಂದಿಯನ್ನು ಕಡಿದ ಮೇಲೆ ಕುದಿಯುವಷ್ಟಲ್ಲದಿದ್ದರೂ ಚೆನ್ನಾಗಿ ಸುಡುವ ನೀರಿನಲ್ಲಿ ಅದ್ದಿ, ಇಲ್ಲವೇ ನೀರು ಸುರಿದು ರೋಮ ಕೆರೆಯುವುದು ರೂಢಿ. ಆ ನೀರಿನ ಬಿಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್. ಪ್ರಯೋಗಾಲಯದಲ್ಲಿ ಕೆನ್ನೆಯ ಮೇಲ್ಪದರವನ್ನು ಕೆಳಗಿನ ಅಂಗಾಂಶದಿಂದ ಬೇರ್ಪಡಿಸಲು ಬಳಸುವುದೂ ಇದೇ 60 ಡಿಗ್ರಿಯ ನೀರು, ಅದೂ ಒಂದು ನಿಮಿಷದ ಮಟ್ಟಿಗೆ ಮಾತ್ರ. ಲೆಕ್ಕವಿಲ್ಲದಷ್ಟು ಹೊತ್ತು ಬಿಸಿನೀರು ಕಂಡ ಕೆನ್ನೆ ನೋಡಲು ಸರಿಯಾಗಿಯೇ ಇದ್ದೀತು, ಆದರೆ ಅದರ ತಡೆ ಎಷ್ಟು ಉಳಿದಿದೆ ಎಂದು ಹೇಳಲಾಗದು. ಆದ್ದರಿಂದ ನೀರು ಸೋಕುವ ಮೊದಲೇ ಕೆನ್ನೆ ಬಿಡಿಸಿಕೊಡುವಂತೆ ಕಡಿಯುವವರ ಹತ್ತಿರ ಮುಂಚಿತವಾಗಿ ಮಾತಾಡಿಕೊಳ್ಳಬೇಕು. ಬೆಳಿಗ್ಗೆ ಬೇಗ ಹೋಗಿ ಕಾದು ನಿಲ್ಲಬೇಕು. ಬಿಡಿಸಿದ್ದನ್ನು ಕ್ರೆಬ್ಸ್ ಎಂಬ ತಣ್ಣಗಿನ ಲವಣ ದ್ರಾವಣದಲ್ಲಿ ಮುಳುಗಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಂದು, ಸಾಧ್ಯವಾದರೆ ಎರಡು ಗಂಟೆಯೊಳಗೆ ಪ್ರಯೋಗಕ್ಕೆ ಹಚ್ಚಬೇಕು. ಮಂಗಳೂರಿನ ಸೆಖೆಯಲ್ಲಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಬಸ್ಸಿನಲ್ಲಿ ತಂದ ತುಂಡಿಗೆ ಯಾವ ಬೆಲೆಯೂ ಇಲ್ಲ. ಫ್ರೀಜರಿನಲ್ಲಿಟ್ಟು ವಾರದ ನಂತರ ತೆಗೆದ ತುಂಡೂ ಅಷ್ಟೇ ಸಂಶಯದ್ದು: ಹೆಪ್ಪುಗಟ್ಟಿದ ನೀರಿನ ಹರಳು ಕೋಶಗಳನ್ನು ಸೀಳಿದರೆ ಪೊರೆ ಸಡಿಲವಾಗಿ, ಔಷಧ ಇದ್ದದ್ದಕ್ಕಿಂತ ಸಲೀಸಾಗಿ ದಾಟಿದಂತೆ ಕಾಣುತ್ತದೆ.

ಒಂದೇ ಹಂದಿಯ ಒಂದೇ ಕೆನ್ನೆಯೂ ಎಲ್ಲೆಡೆ ಒಂದೇ ತೆರನಾಗಿಲ್ಲ. ಕ್ಯಾಲಿಫೋರ್ನಿಯಾದ ಯೂನಿವರ್ಸಿಟಿ ಆಫ್ ದ ಪೆಸಿಫಿಕ್‌ನ ಸಂಶೋಧಕರು 2010ರಲ್ಲಿ ತೋರಿಸಿಕೊಟ್ಟಂತೆ ತುಟಿಯ ಹಿಂದಿನ ಭಾಗದಲ್ಲಿ ಮೇಲ್ಪದರ ತೆಳು, ಔಷಧ ಅಲ್ಲಿ ಕೆನ್ನೆಯ ನಡುಭಾಗಕ್ಕಿಂತ ಬೇಗ ದಾಟುತ್ತದೆ. ಕೆಳಗಿನ ಸ್ನಾಯು, ಕೊಬ್ಬುಗಳನ್ನು ಎಷ್ಟು ತೆಗೆದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ದಪ್ಪ ಉಳಿದಷ್ಟೂ ಔಷಧ ಅಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಬದುಕಿರುವ ಕೆನ್ನೆಯಲ್ಲಾದರೆ ಅಷ್ಟು ಆಳಕ್ಕೆ ಹೋಗುವ ಮೊದಲೇ ರಕ್ತನಾಳ ಅದನ್ನು ಸೆಳೆದುಕೊಂಡಿರುತ್ತದೆ. ಹಾಗಾಗಿ ಒಳ್ಳೆಯ ಪ್ರಬಂಧದಲ್ಲಿ ‘ಹಂದಿಯ ಲೋಳ್ಪೊರೆ’ ಎಂದಷ್ಟೇ ಬರೆದು ಬಿಡುವುದಿಲ್ಲ. ಕೆನ್ನೆಯ ಯಾವ ಭಾಗ, ಎಷ್ಟು ದಪ್ಪ, ಕಡಿದು ಎಷ್ಟು ಹೊತ್ತಾಗಿತ್ತು ಎಂಬ ಮೂರೂ ಇರುತ್ತವೆ.

ಭಾರತದ ಅನೇಕ ಪ್ರಬಂಧಗಳಲ್ಲಿ ಹಂದಿಯ ಜಾಗಕ್ಕೆ ಆಡು ಅಥವಾ ಕುರಿ ಬಂದಿದೆ. ಕಾರಣ ಅರ್ಥವಾಗುವಂಥದ್ದೇ. ಆಡಿನ ಮಾಂಸ ಎಲ್ಲ ಊರಲ್ಲೂ ಸಿಗುತ್ತದೆ; ಹಂದಿಯನ್ನು ಮುಟ್ಟುವುದು ಕೆಲವು ವಿದ್ಯಾರ್ಥಿಗಳ ಆಚಾರಕ್ಕೆ ಒಗ್ಗದು, ಅದನ್ನು ಗೌರವಿಸಲೇಬೇಕು. ಆದರೆ ಆಡಿನ ಬಾಯಿ ತೆರೆದು ನೋಡಿದವರಿಗೆ ತಕ್ಷಣ ಕಾಣುವ ಸಂಗತಿ ಒಂದಿದೆ. ಅದರ ಕೆನ್ನೆಯ ಒಳಗೆ, ಮುಖ್ಯವಾಗಿ ಬಾಯಿಯ ಮೂಲೆಯಿಂದ ಹಿಂದಕ್ಕೆ, ಗಂಟಲ ಕಡೆಗೆ ಬಾಗಿದ ಮೊನೆಮೊನೆಯಾದ ಮುಳ್ಳುಗಳ ಸಾಲು. ಒರಟು ಸೊಪ್ಪು ಹೊರಗೆ ಜಾರದಂತೆ ಹಿಡಿಯಲು ಮೆಲುಕು ಹಾಕುವ ಪ್ರಾಣಿಗಳಿಗೆಲ್ಲ ಇವು ಬೇಕು. ಈ ಮುಳ್ಳುಗಳ ಮೇಲೆ ಕೆರಾಟಿನ್ ಇದೆ. ಮುಳ್ಳಿಲ್ಲದ ನಯವಾದ ಜಾಗವನ್ನು ಆರಿಸಿ, ಸೂಕ್ಷ್ಮದರ್ಶಕದಡಿ ಒಂದು ಚೂರು ನೋಡಿ ಖಾತ್ರಿ ಮಾಡಿಕೊಳ್ಳದೆ ಅಳೆದ ಹೀರಿಕೆಯ ಅಂಕಿಯನ್ನು ಮನುಷ್ಯನಿಗೆ ಅನ್ವಯಿಸುವುದು ತಪ್ಪು. ಅಂಥ ಅಂಕಿಗಳು ಅಚ್ಚಾದ ಕಡೆಯಲ್ಲೆಲ್ಲ ಅವನ್ನು ಎಚ್ಚರದಿಂದ ಓದಬೇಕು.

ಪಟ್ಟಿ ಎಷ್ಟು ಬಲವಾಗಿ ಅಂಟುತ್ತದೆ ಎಂದು ನೋಡುವುದಕ್ಕಾದರೆ ಆಡಿನ ಪೊರೆ ಧಾರಾಳ ಸಾಕು. ಇಲ್ಲಿ ನಮ್ಮ ಕಾಲೇಜುಗಳ ಸಾಧನ ಮೆಚ್ಚುವಂಥದ್ದು. ಹಳೆಯ ಭೌತಿಕ ತಕ್ಕಡಿಯ ಒಂದು ತಟ್ಟೆ ಕಳಚಿ, ಅಲ್ಲಿ ಪಟ್ಟಿಯನ್ನು ಪೊರೆಗೆ ಅಂಟಿಸಿ ತೂಗುಹಾಕುತ್ತಾರೆ. ಇನ್ನೊಂದು ತಟ್ಟೆಗೆ ತೊಟ್ಟು ತೊಟ್ಟಾಗಿ ನೀರನ್ನೋ ಚಿಕ್ಕ ತೂಕದ ಬಟ್ಟುಗಳನ್ನೋ ಸೇರಿಸುತ್ತ ಹೋದಾಗ ಎಷ್ಟು ಗ್ರಾಮಿಗೆ ಪಟ್ಟಿ ಕಿತ್ತು ಬಂತೋ ಅದೇ ಅಂಟಿನ ಬಲ. ದುಬಾರಿ ಯಂತ್ರ ಇಲ್ಲದ ಕಡೆಯೂ ಇದು ನಂಬಬಹುದಾದ ಅಳತೆ ಕೊಡುತ್ತದೆ. ಪಟ್ಟಿಗೆ ಬಳಸುವ ಅಂಟುಗಳಲ್ಲಿ ಒಂದಾದ ಕೈಟೊಸಾನ್ ಸಿಗಡಿ, ಏಡಿಗಳ ಚಿಪ್ಪಿನಿಂದ ಬರುವಂಥದ್ದು. ಅದರ ಧನಾವೇಶ ಲೋಳೆಯ ಋಣಾವೇಶವನ್ನು ಹಿಡಿದುಕೊಳ್ಳುತ್ತದೆ, ಜೊತೆಗೆ ಕೋಶಗಳ ಸಂದಿಯನ್ನು ತುಸು ಸಡಿಲಿಸಿ ಔಷಧಕ್ಕೆ ದಾರಿಯನ್ನೂ ಮಾಡುತ್ತದೆ.

ಹೀರಿಕೆ ಅಳೆಯುವ ಉಪಕರಣ ಸರಳ. ಫ್ರಾಂಜ್ ಕೋಶ ಎಂಬ ಗಾಜಿನ ಪಾತ್ರೆಗೆ ಮೇಲೊಂದು ಕೆಳಗೊಂದು ಕೋಣೆ. ನಡುವೆ ಕೆನ್ನೆಯ ಪೊರೆ ಬಿಗಿದಿರುತ್ತದೆ. ಮೇಲೆ ಎಂಜಲಿನ ಆಮ್ಲೀಯತೆಗೆ ಹೊಂದುವ, ಪಿಎಚ್ 6.8ರ ದ್ರಾವಣ ಮತ್ತು ಔಷಧ. ಕೆಳಗೆ ರಕ್ತಕ್ಕೆ ಹೊಂದುವ 7.4ರ ದ್ರಾವಣ, 37 ಡಿಗ್ರಿಯಲ್ಲಿ, ಅಯಸ್ಕಾಂತದ ಕಡ್ಡಿಯಿಂದ ಕಲಕುತ್ತ. ಆಗಾಗ ಕೆಳಗಿನಿಂದ ಸ್ವಲ್ಪ ತೆಗೆದು, ತೆಗೆದಷ್ಟೇ ಹೊಸ ದ್ರಾವಣ ತುಂಬಿ, ದಾಟಿಬಂದ ಔಷಧದ ಮೊತ್ತವನ್ನು ಗಂಟೆಗಳೆದುರು ಗುರುತಿಸಿದರೆ ಒಂದು ಗೆರೆ ಬರುತ್ತದೆ. ಗೆರೆಯ ಏರು ದಾಟುವ ವೇಗವನ್ನು ಹೇಳುತ್ತದೆ. ಪೊರೆಯಲ್ಲಿ ಕಣ್ಣಿಗೆ ಕಾಣದ ತೂತಿದ್ದರೂ ಗೆರೆ ಚೆನ್ನಾಗಿಯೇ ಏರುತ್ತದೆ! ಆದ್ದರಿಂದ ಸಾಮಾನ್ಯವಾಗಿ ದಾಟಲಾರದ ದೊಡ್ಡ ಬಣ್ಣದ ಅಣುವೊಂದನ್ನು ಹಾಕಿ ಪೊರೆ ಗಟ್ಟಿಯಿದೆ ಎಂದು ಮೊದಲು ನೋಡಿಕೊಳ್ಳಬೇಕು, ಇಲ್ಲವೇ ಪೊರೆಯ ವಿದ್ಯುತ್ ರೋಧವನ್ನು ಅಳೆಯಬೇಕು. ಕೆಲವೆಡೆ ಕೆನ್ನೆಯ ಪೊರೆಯ ಬದಲು ಮೊಟ್ಟೆಯ ಒಳಪೊರೆ ಅಥವಾ ಸೆಲ್ಲೊಫೇನ್ ಬಳಸಿ ಅದನ್ನೇ ‘ಹೀರಿಕೆ’ ಎನ್ನುತ್ತಾರೆ. ಅದು ಪಟ್ಟಿಯಿಂದ ಔಷಧ ಹೊರಬಿಡುವ ವೇಗ ಮಾತ್ರ. ಕೆನ್ನೆಯ ಬಗ್ಗೆ ಅದು ಏನನ್ನೂ ಹೇಳದು.

ಸತ್ತ ಪೊರೆಯಲ್ಲಿ ರಕ್ತ ಹರಿಯದು, ಎಂಜಲು ಊರದು. ಬಾಯಿಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಎಂಜಲು ಉತ್ಪತ್ತಿಯಾಗಿ, ಔಷಧದ ಒಂದು ಪಾಲನ್ನು ತೊಳೆದು ಗಂಟಲಿಗಿಳಿಸುತ್ತದೆ. ಈ ಲೆಕ್ಕಕ್ಕೆ ಬದುಕಿರುವ ಪ್ರಾಣಿ ಬೇಕಾಗುತ್ತದೆ. ಭಾರತದಲ್ಲಿ ಹೆಚ್ಚಾಗಿ ಅದು ನ್ಯೂಜಿಲೆಂಡ್ ಬಿಳಿ ಮೊಲ. ಅರಿವಳಿಕೆ ಕೊಟ್ಟು, ಹಿಂಬದಿಗೆ ಔಷಧ ಸೋರದ ಪದರವಿರುವ ಪಟ್ಟಿಯನ್ನು ಕೆನ್ನೆಗಂಟಿಸಿ, ಕಿವಿಯಂಚಿನ ಸಿರೆಯಿಂದ ಹೊತ್ತುಹೊತ್ತಿಗೆ ರಕ್ತ ತೆಗೆಯುತ್ತಾರೆ. ಮೊಲದ ಮೈಯಲ್ಲಿರುವುದು ಕಿಲೋ ತೂಕಕ್ಕೆ ಸುಮಾರು 56 ಮಿಲಿಲೀಟರ್ ರಕ್ತ. ಒಮ್ಮೆಗೆ ಅದರ ಹತ್ತನೇ ಒಂದು ಭಾಗ ಮೀರಬಾರದು ಎಂಬುದು ಒಪ್ಪಿತ ಮಿತಿ. ಅರಿವಳಿಕೆಯಲ್ಲಿ ರಕ್ತದ ಹರಿವೂ ಎಂಜಲೂ ಬದಲಾಗುವುದರಿಂದ ಇಲ್ಲಿಯ ಅಂಕಿಯೂ ಪೂರ್ತಿ ಸಹಜವಲ್ಲ. ಶಕ್ತರು ಸಣ್ಣ ತಳಿಯ ಹಂದಿಗಳನ್ನೇ ಸಾಕಿ ಈ ಪ್ರಯೋಗ ಮಾಡುತ್ತಾರೆ. ಗಾಜಿನ ಕೋಶದಲ್ಲೇ ಸೋತ ಮಿಶ್ರಣವನ್ನು ಮೊಲದವರೆಗೆ ಒಯ್ಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆ ಜೀವಕ್ಕೂ ನೋವಿದೆ.

ಕಾನೂನು ಇದನ್ನೇ ಹೇಳುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ರಚನೆಯಾದ ಕೇಂದ್ರ ಸಮಿತಿಯ ಉಸ್ತುವಾರಿಯಲ್ಲಿ, 1998ರ ನಿಯಮಗಳ ಪ್ರಕಾರ, ಆಯಾ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪದೆ ಒಂದು ಮೊಲವನ್ನೂ ಪ್ರಯೋಗಕ್ಕೆ ಬಳಸುವಂತಿಲ್ಲ. ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ 1959ರಲ್ಲಿ ಮುಂದಿಟ್ಟ ಸೂತ್ರ – ಸಾಧ್ಯವಿದ್ದಲ್ಲಿ ಪ್ರಾಣಿಯ ಬದಲು ಬೇರೆ ಬಳಸು, ಸಂಖ್ಯೆ ತಗ್ಗಿಸು, ನೋವು ತಗ್ಗಿಸು – ಈ ಸಮಿತಿಗಳ ಅಳತೆಗೋಲು. 2023ರ ಮಾರ್ಚಿನಲ್ಲಿ ಭಾರತ ತನ್ನ ಹೊಸ ಔಷಧ ನಿಯಮಗಳನ್ನು ತಿದ್ದಿ, ಜೀವಕೋಶ ಆಧಾರಿತ ವಿಧಾನಗಳಿಗೂ ಮಾನ್ಯತೆ ಕೊಟ್ಟಿತು. ಕೆನ್ನೆಯ ಮಟ್ಟಿಗೆ ಅಂಥದ್ದು ಮೊದಲೇ ಇತ್ತು: ಕೆನ್ನೆಯ ಕ್ಯಾನ್ಸರಿನಿಂದ ಬಂದ ಟಿಆರ್146 ಎಂಬ ಕೋಶಗಳನ್ನು 1990ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಪದರಗಳಾಗಿ ಬೆಳೆಸಿ ಹೀರಿಕೆ ಅಳೆದರು. ಮನುಷ್ಯನ ಕೋಶವೇ ಆದರೂ ಆ ಪದರ ಸಹಜ ಕೆನ್ನೆಗಿಂತ ಸಡಿಲ. ಇನ್ನೂ ಹಳೆಯದು, ಇನ್ನೂ ಸರಳವಾದದ್ದು 1967ರಲ್ಲಿ ಲಂಡನ್ನಿನ ಬೆಕೆಟ್ ಮತ್ತು ಟ್ರಿಗ್ಸ್ ರೂಪಿಸಿದ ಪರೀಕ್ಷೆ. ಒಪ್ಪಿಗೆ ಕೊಟ್ಟವರು 25 ಮಿಲಿಲೀಟರ್ ಔಷಧ ದ್ರಾವಣವನ್ನು ಐದು ನಿಮಿಷ ಬಾಯಲ್ಲಿ ಮುಕ್ಕಳಿಸಿ ಉಗುಳುತ್ತಿದ್ದರು. ಉಗುಳಿದ್ದರಲ್ಲಿ ಎಷ್ಟು ಕಡಿಮೆಯಾಯಿತೋ ಅಷ್ಟು ಒಳಹೋಯಿತು ಎಂದು ಲೆಕ್ಕ. ನಾಲಗೆ, ಅಂಗುಳು, ಕೆನ್ನೆ ಎಂಬ ಭೇದ ಅದರಲ್ಲಿ ತಿಳಿಯದು.

ಕರಾವಳಿಗೆ ಈ ಎಲ್ಲ ಮಾದರಿಗಳಲ್ಲೂ ಒಂದು ಕೊರತೆ ಉಳಿಯುತ್ತದೆ. ಹಂದಿಯದಾಗಲಿ ಮೊಲದ್ದಾಗಲಿ, ಪರೀಕ್ಷೆಗೆ ಬರುವುದು ಆರೋಗ್ಯವಂತ ಕೆನ್ನೆ. 1973ರಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಹುಟ್ಟಿದ ಈ ಊರಿನ ಬದುಕು ಅಡಿಕೆಯೊಂದಿಗೆ ಹೆಣೆದುಕೊಂಡಿದೆ. ಹಾಗೆಯೇ ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರಲ್ಲಿ ಕೆನ್ನೆಯೊಳಗೆ ನಾರಿನ ಪಟ್ಟೆಗಳು ಬೆಳೆದು ಬಾಯಿ ತೆರೆಯಲಾಗದ ಸ್ಥಿತಿ ಬರುವುದನ್ನು ಇಲ್ಲಿಯ ದಂತ ವೈದ್ಯರು ಬಲ್ಲರು. ಅಂಥ ಕೆನ್ನೆಯ ಮೇಲ್ಪದರ ಸವೆದು ತೆಳುವಾಗಿರುತ್ತದೆ. ಅದರಡಿ ನಾರು ದಟ್ಟೈಸಿ ರಕ್ತನಾಳಗಳು ಕುಗ್ಗಿರುತ್ತವೆ. ತಡೆ ಮೇಲೆ ಕಡಿಮೆಯಾಗಿ, ಸೆಳೆಯುವ ರಕ್ತ ಕೆಳಗೆ ಕಡಿಮೆಯಾದ ಆ ಕೆನ್ನೆಯಲ್ಲಿ ಔಷಧ ಹೇಗೆ ಇಳಿದೀತು ಎಂಬುದನ್ನು ಆರೋಗ್ಯವಂತ ಹಂದಿಯ ಕೆನ್ನೆ ಹೇಳಲಾರದು. ಇಲಿಗಳ ಬಾಯಿಗೆ ಅಡಿಕೆಯ ಸಾರ ಹಚ್ಚಿ ಇದೇ ಸ್ಥಿತಿ ತರುವ ಪ್ರಯೋಗಗಳು ನಡೆದಿವೆ, ಆದರೆ ಅದು ಮತ್ತೆ ಕೆರಾಟಿನ್ ಹೊದ್ದ ಕೆನ್ನೆ. ದೇರಳಕಟ್ಟೆಯಲ್ಲಿ ಫಾರ್ಮಸಿ ಕಾಲೇಜೂ ದಂತ ವೈದ್ಯಕೀಯ ಕಾಲೇಜೂ ಹತ್ತಿರ ಹತ್ತಿರದಲ್ಲಿವೆ. ತೀವ್ರವಾದ ರೋಗಿಗಳಲ್ಲಿ ನಾರಿನ ಪಟ್ಟೆ ಕತ್ತರಿಸುವ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಚೂರನ್ನು ರೋಗಿಯ ಒಪ್ಪಿಗೆ ಮತ್ತು ನೈತಿಕ ಸಮಿತಿಯ ಅನುಮತಿಯೊಂದಿಗೆ ಅಳತೆಗೆ ಬಳಸಬಹುದು. ಆ ಚೂರಿನ ಅಗಲ ಕೆಲವೇ ಮಿಲಿಮೀಟರ್. ಅದನ್ನು ಕೂರಿಸಲು ಸಾಮಾನ್ಯ ಫ್ರಾಂಜ್ ಕೋಶಕ್ಕಿಂತ ಎಷ್ಟೋ ಕಿರಿದಾದ ಬಾಯಿಯ ಗಾಜಿನ ಕೋಶವನ್ನು ಹೇಳಿ ಮಾಡಿಸಬೇಕಾಗುತ್ತದೆ.